ಗ್ರಂಥಾಲಯ ಪಿತಾಮಹ ಡಾ. ಎಸ್. ಆರ್. ರಂಗನಾಥನ್



ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆ ಅಂದರೆ ಅದರಲ್ಲಿ ಸಹಕಾರಿ ಧುರೀಣರೊಬ್ಬರ ಚರಿತ್ರೆ ಇರಲೇಬೇಕು ಎಂಬುದು ರೂಢಿ. ಅದರಲ್ಲೂ ನಮ್ಮ ಗದಗ ಭಾಗದವರಿಗೆ ಕಣಗಿನಹಾಳದ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಹೇಳದೆ ಸಹಕಾರದ ಮಾತು ಶುರುವಾಗುವುದೇ ಇಲ್ಲ. 1905ರಲ್ಲಿ ಅವರು ಕಟ್ಟಿದ ಪತ್ತಿನ ಸಂಘ ದೇಶಕ್ಕೇ ದಾರಿ ತೋರಿಸಿತು. ಒಬ್ಬನ ಕೈಲಿ ಆಗದ್ದು ಹತ್ತು ಮಂದಿ ಕೂಡಿದರ ಆಗತೈತಿ ಅನ್ನುವುದನ್ನು ನಮ್ಮ ಹಿರಿಯರು ಅವರನ್ನು ನೋಡಿ ಕಲಿತರು.

ಇದೇ ತತ್ವವನ್ನು ರೊಕ್ಕಕ್ಕೆ ಬದಲು ಪುಸ್ತಕಕ್ಕೆ ಹಚ್ಚಿದವರು ಒಬ್ಬರಿದ್ದರು. ಒಂದು ಒಳ್ಳೆಯ ಪುಸ್ತಕವನ್ನು ಒಬ್ಬ ರೈತ ಕೊಳ್ಳಲಾರ, ಕೊಂಡರೂ ಓದಿ ಮುಗಿಸಿ ಮಾಡದೊಳಗೆ ಇಡುತ್ತಾನೆ. ಅದೇ ಪುಸ್ತಕವನ್ನು ಊರೇ ಕೂಡಿ ಕೊಂಡರೆ ನೂರು ಮಂದಿ ಓದುತ್ತಾರೆ. ಇಷ್ಟು ಸರಳ ಮಾತನ್ನು ಕಾನೂನಾಗಿ ಮಾಡಿಸಲು ಡಾ. ಎಸ್. ಆರ್. ರಂಗನಾಥನ್ ಅವರು ತಮ್ಮ ಅರ್ಧ ಆಯುಷ್ಯ ಸವೆಸಿದರು. ಹುಟ್ಟಿನಿಂದ ತಮಿಳರಾದರೂ ಅವರ ನೌಕರಿ ಪ್ರಾರಂಭವಾದದ್ದು ಮಂಗಳೂರಿನಲ್ಲಿ, ಕೊನೆಯ ಹದಿನೈದು ವರ್ಷ ಬಾಳಿ ದೇಹ ಬಿಟ್ಟದ್ದು ಬೆಂಗಳೂರಿನಲ್ಲಿ. ನಮ್ಮ ರಾಜ್ಯದ ಹಳ್ಳಿಹಳ್ಳಿಯ ವಾಚನಾಲಯದ ಹಿಂದೆ ಅವರ ಕೈ ಇದೆ. ಆದ್ದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ಸಂಕೋಚ ಬೇಕಿಲ್ಲ.

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಲ್ಲಿ ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬಲ್ಲಿ ಜನಿಸಿದರು. ಆ ಊರಿಗೆ ಈಗ ಸೀರ್ಕಾಳಿ ಎಂದು ಹೆಸರು. ತಂದೆ ರಾಮಾಮೃತ ಅಯ್ಯರ್ ಅವರದು ಸಾಧಾರಣ ಭೂಮಿ-ಸೀಮಿಯ ಮನೆತನ. ನಮ್ಮಲ್ಲಿ ಶ್ರಾವಣ ಬಂತೆಂದರೆ ಗುಡಿಯ ಕಟ್ಟಿಯ ಮೇಲೆ ಪುರಾಣ ಹಚ್ಚುತ್ತಾರಲ್ಲ, ಹಾಗೆ ಅವರು ನೆರೆಹೊರೆಯವರನ್ನು ಕೂಡಿಸಿಕೊಂಡು ರಾಮಾಯಣ ಓದಿ ಅರ್ಥ ಹೇಳುತ್ತಿದ್ದರು. ಮಗನಿಗೆ ಆರು ವರ್ಷವಾದಾಗ ತಂದೆ ತೀರಿಕೊಂಡರು. ತಂದೆಯ ನೆನಪು ಆ ಹುಡುಗನಿಗೆ ಎಷ್ಟು ಉಳಿದಿತ್ತೋ ಹೇಳಲಾಗದು, ಆದರೆ ಒಬ್ಬ ಓದಿದರೆ ಹತ್ತು ಮಂದಿ ಕೇಳಿ ಕಲಿಯಬಹುದು ಎಂಬುದನ್ನು ಮುಂದೆ ಅವರು ಎಲ್ಲಿಯೂ ಮರೆಯಲಿಲ್ಲ.

ಊರ ಸಾಲಿ ಮುಗಿಸಿ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಗಣಿತದಲ್ಲಿ ಬಿ.ಎ., ನಂತರ 1916ರಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಗುರುಗಳು ಸಿಕ್ಕರು. ಗುರು-ಶಿಷ್ಯರ ನಂಟು ಜೀವನಪರ್ಯಂತ ಉಳಿಯಿತು. ರಂಗನಾಥನ್ ಅವರಿಗೆ ಬಾಲ್ಯದಿಂದ ಮಾತು ತೊದಲುವ ತೊಂದರೆ ಇತ್ತು. ಅಂಥವರು ಮಾಸ್ತರಿಕೆ ಮಾಡುವುದುಂಟೇ ಎಂದು ಯಾರಾದರೂ ಹಿಂಜರಿಯಬಹುದಿತ್ತು. ಅವರು ಮಾತ್ರ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ತರಬೇತಿ ಪಡೆದು, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ನಮ್ಮ ಕಡೆ ಮುಂಬಯಿ ಪ್ರಾಂತ. ಮೂರು ವರ್ಷ ಮಂಗಳೂರು, ಮುಂದೆ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ತೊದಲನ್ನು ಅಭ್ಯಾಸದಿಂದಲೇ ಗೆದ್ದರು. ಒಳ್ಳೆಯ ಮಾಸ್ತರರೆಂದು ಹೆಸರಾಯಿತು.

ಗ್ರಂಥಾಲಯಕ್ಕೆ ಅವರು ಬಂದದ್ದು ಪ್ರೀತಿಯಿಂದ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕಂದರೆ ಮಹಾಪುರುಷರ ಚರಿತ್ರೆಗಳಲ್ಲಿ ಎಲ್ಲರೂ ತೊಟ್ಟಿಲಲ್ಲೇ ತಮ್ಮ ಕಾಯಕ ಗುರುತಿಸಿದವರಂತೆ ಬರೆಯುವ ಚಾಳಿ ನಮ್ಮಲ್ಲಿದೆ. 1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಗ್ರಂಥಪಾಲಕರ ಹುದ್ದೆಯೊಂದನ್ನು ನಿರ್ಮಿಸಿ ಅರ್ಜಿ ಕರೆಯಿತು. ಒಂಬೈನೂರರಷ್ಟು ಅರ್ಜಿಗಳು ಬಂದವು. ಅಷ್ಟರಲ್ಲಿ ಒಬ್ಬನಿಗೂ ಗ್ರಂಥಾಲಯದ ತರಬೇತಿ ಇರಲಿಲ್ಲ. ರಂಗನಾಥನ್‌ಗೂ ಇರಲಿಲ್ಲ. ಕಾಲೇಜಿನ ಸಂಬಳಕ್ಕಿಂತ ಇದರ ಸಂಬಳ ಹೆಚ್ಚು, ಸಂಸಾರದ ತಾಪತ್ರಯ ಇತ್ತು, ಗೆಳೆಯರು ಒತ್ತಾಯ ಮಾಡಿದರು. ಸಂದರ್ಶನಕ್ಕೆ ಹೋಗುವ ಮುಂಚೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದದ್ದನ್ನು ಓದಿಕೊಂಡರು. ಅಷ್ಟೇ ಅವರ ಬಂಡವಾಳ. ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಹಾಜರಾದರು.

ಹಾಜರಾದವರು ಒಂದೆರಡು ವಾರದಲ್ಲೇ ಬ್ಯಾಸತ್ತು ಹೋದರು. ತರಗತಿಯ ತುಂಬ ಹುಡುಗರನ್ನು ನೋಡಿದ ಕಣ್ಣಿಗೆ ಖಾಲಿ ಕೋಣೆ, ಧೂಳು ಹಿಡಿದ ಪುಸ್ತಕ. ದಿನವಿಡೀ ಕೂತರೂ ಒಂದು ನರಪಿಳ್ಳೆ ಇಣುಕುವುದಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಚಾರ್ಯರ ಬಳಿಗೆ ಹೋಗಿ ತಮ್ಮನ್ನು ಮರಳಿ ಕರಕೊಳ್ಳಬೇಕೆಂದು ಕೇಳಿಕೊಂಡರು. ಪ್ರಾಚಾರ್ಯರು ಜಾಣರು. ಹೇಗೂ ಗ್ರಂಥಾಲಯದ ತರಬೇತಿಗೆ ಇಂಗ್ಲೆಂಡಿಗೆ ಕಳಿಸುತ್ತಾರೆ, ಹೋಗಿ ಬಾ, ಬಂದ ಮೇಲೂ ಬ್ಯಾಸರ ಅನಿಸಿದರೆ ನಿನ್ನ ಜಾಗ ನಿನಗಿದೆ ಎಂದು ಸಮಾಧಾನ ಹೇಳಿ ಕಳಿಸಿದರು. ಆ ಜಾಗಕ್ಕೆ ಅವರು ಮತ್ತೆ ಬರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಪಾಠ ಕೇಳಿದರು. ಬರ್ವಿಕ್ ಸೇಯರ್ಸ್ ಎಂಬ ಅನುಭವಿ ಗ್ರಂಥಪಾಲಕರು ಗುರುಗಳಾಗಿ ಸಿಕ್ಕರು. ಅವರು ಕ್ರಾಯ್ಡನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದರು. ಪಾಠಕ್ಕಿಂತ ಹೆಚ್ಚಾಗಿ ರಂಗನಾಥನ್‌ರ ಕಣ್ಣು ತೆರೆಸಿದ್ದು ಅಲ್ಲಿನ ಗ್ರಂಥಾಲಯಗಳು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ತಿರುಗಿ ನೋಡಿದರು. ಸಣ್ಣ ಹುಡುಗೂರು ಬಂದು ತಮಗೆ ಬೇಕಾದ ಚಿತ್ರದ ಪುಸ್ತಕ ತಾವೇ ಹಿರಿದುಕೊಳ್ಳುತ್ತಾರೆ, ಕಾರ್ಖಾನೆ ಬಿಟ್ಟ ಕೆಲಸಗಾರ ಸಂಜೆ ಬಂದು ಯಂತ್ರದ ಪುಸ್ತಕ ಓದುತ್ತಾನೆ, ಮನೆಯ ಹೆಣ್ಣುಮಕ್ಕಳು ಚೀಲದೊಳಗೆ ಕಾಯಿಪಲ್ಲೆಯ ಜೊತೆ ಕಾದಂಬರಿ ಇಟಗೊಂಡು ಹೋಗುತ್ತಾರೆ, ಮುದುಕರು ವರ್ತಮಾನ ಪತ್ರಿಕೆ ಓದುತ್ತ ಬೆಚ್ಚಗೆ ಕೂತಿರುತ್ತಾರೆ. ಯಾರಿಗೂ ಯಾರೂ ನೀನು ಎಷ್ಟನೇ ಇಯತ್ತೆ ಎಂದು ಕೇಳುವುದಿಲ್ಲ. ಸಾಲಿಗೆ ವಯಸ್ಸಿನ ಮಿತಿ ಉಂಟು, ಗ್ರಂಥಾಲಯಕ್ಕೆ ಇಲ್ಲ ಎಂಬ ಸಂಗತಿ ಅವರಿಗೆ ಅಲ್ಲಿ ಹೊಳೆಯಿತು. ನಮ್ಮ ದೇಶದ ಕೋಟಿಗಟ್ಟಲೆ ಮಂದಿ ಸಾಲಿಗೆ ಹೋಗುವ ವಯಸ್ಸು ದಾಟಿ ಹೋಗಿದ್ದಾರೆ, ಅವರಿಗೆ ಇನ್ನು ಇರುವ ಸಾಲಿ ಇದೊಂದೇ ಎಂದು ತಿಳಿದ ಮೇಲೆ ಬ್ಯಾಸರಕ್ಕೆ ಜಾಗ ಉಳಿಯಲಿಲ್ಲ.

ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮಕ್ಕಳ ಆಟಿಕೆಯೊಂದನ್ನು ನೋಡಿದರು. ಮೆಕ್ಯಾನೊ ಎಂದು ಹೆಸರು. ಕೆಲವೇ ತಗಡಿನ ಪಟ್ಟಿ, ಬೋಲ್ಟು, ನಟ್ಟು. ಅವನ್ನೇ ಬೇರೆಬೇರೆ ರೀತಿ ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಗಾಡಿ. ಪುಸ್ತಕಗಳನ್ನು ವಿಂಗಡಿಸುವುದಕ್ಕೂ ಹೀಗೇ ಯಾಕೆ ಮಾಡಬಾರದು ಎಂದು ಯೋಚಿಸಿದರು. ಹಡಗಿನಲ್ಲಿ ಮರಳಿ ಬರುವಾಗಲೇ ಅದರ ಕೆಲಸ ಶುರುವಾಯಿತು. ಅದು ಮುಂದೆ 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪುಸ್ತಕವಾಗಿ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. ಇದರ ಶಾಸ್ತ್ರ ನಮಗೆ ಬೇಡ. ಒಕ್ಕಲಿಗರಿಗೆ ತಿಳಿಯುವಂತೆ ಒಂದು ಮಾತು ಹೇಳುವುದಾದರೆ, ಜೋಳಕ್ಕೆ ಬೀಳುವ ರೋಗದ ಬಗ್ಗೆ ಒಂದು ಪುಸ್ತಕ ಬಂತು ಅನ್ನಿ. ಹಳೆಯ ಪದ್ಧತಿಯಲ್ಲಿ ಅದಕ್ಕೊಂದು ಸಿದ್ಧ ಖಾನೆ ಮೊದಲೇ ಇರಬೇಕು. ರಂಗನಾಥನ್ ಪದ್ಧತಿಯಲ್ಲಿ ಒಕ್ಕಲುತನಕ್ಕೊಂದು, ಜೋಳಕ್ಕೊಂದು, ರೋಗಕ್ಕೊಂದು ಗುರುತು ಇದ್ದು, ಅವನ್ನು ಜೋಡಿಸಿ ಹೊಸ ಖಾನೆ ಮಾಡಿಕೊಳ್ಳಬಹುದು. ಸಿದ್ಧ ಅಂಗಿ ಕೊಳ್ಳುವುದಕ್ಕೂ ಅಳತೆ ಕೊಟ್ಟು ಹೊಲಿಸುವುದಕ್ಕೂ ಇರುವಷ್ಟು ಫರಕು. ವಿದ್ವಾಂಸರು ಇದನ್ನೇ ಅವರ ಅತಿ ದೊಡ್ಡ ಸಾಧನೆ ಎನ್ನುತ್ತಾರೆ. ಹಳ್ಳಿಯಲ್ಲಿ ಕೂತು ನೋಡುವವರಿಗೆ ಅವರ ದೊಡ್ಡ ಸಾಧನೆ ಬೇರೆ ಇದೆ.

1925ರಲ್ಲಿ ಮರಳಿ ಬಂದವರೇ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಬುಡಮೇಲು ಮಾಡಿದರು. ಆ ಕಾಲಕ್ಕೆ ಪುಸ್ತಕವನ್ನು ಬೀಗದೊಳಗೆ ಇಡುವುದೇ ಗ್ರಂಥಪಾಲಕನ ಕರ್ತವ್ಯ ಎಂದು ತಿಳಿದಿದ್ದರು. ಓದುವವ ಬಂದರೆ ಚೀಟಿ ಬರೆದು ಕೊಡಬೇಕು, ಜವಾನ ಒಳಗೆ ಹೋಗಿ ತರಬೇಕು, ತಂದದ್ದು ಬೇಕಾದದ್ದಲ್ಲದಿದ್ದರೆ ಮತ್ತೊಂದು ಚೀಟಿ. ರಂಗನಾಥನ್ ಕಪಾಟುಗಳನ್ನು ತೆರೆದಿಟ್ಟರು. ಓದುಗ ತಾನೇ ಒಳಗೆ ನಡೆದು ಹೋಗಿ, ಕೈಯಲ್ಲಿ ಹಿಡಿದು, ನಾಲ್ಕು ಪುಟ ತಿರುವಿ ನೋಡಿ ಆರಿಸಿಕೊಳ್ಳಬಹುದು. ಪುಸ್ತಕ ಕಳುವಾದಾವು ಎಂದು ಹೆದರಿದವರು ಬಹಳ. ನಾಲ್ಕು ಪುಸ್ತಕ ಹೋಗಲಿ, ನಾಲ್ಕು ಸಾವಿರ ಮಂದಿ ಓದಲಿ ಎಂಬುದು ಅವರ ಲೆಕ್ಕ. ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. ರಜೆಯ ದಿನವೂ ಬಾಗಿಲು ಹಾಕಲಿಲ್ಲ, ಯಾಕಂದರೆ ದುಡಿಯುವವನಿಗೆ ಓದಲು ಪುರಸೊತ್ತು ಸಿಗುವುದೇ ರಜೆಯ ದಿನ. ಬಾಗಿಲು ತೆರೆಯುವ ಹೊತ್ತು ನೌಕರರ ಅನುಕೂಲಕ್ಕಲ್ಲ, ಓದುಗರ ಅನುಕೂಲಕ್ಕೆ ಎಂಬುದು ಈಗಲೂ ನಮ್ಮ ಎಷ್ಟೋ ಕಚೇರಿಗಳಿಗೆ ತಿಳಿಯದ ಮಾತು.

1928ರಲ್ಲಿ ಅವರು ತಮ್ಮ ಅನುಭವವನ್ನೆಲ್ಲ ಕೆಲವೇ ನಿಯಮಗಳಲ್ಲಿ ಹಿಡಿಯಲು ಹೆಣಗುತ್ತಿದ್ದರು. ಗಣಿತದವರಿಗೆ ಎಲ್ಲವೂ ಸೂತ್ರದಲ್ಲಿ ಬರಬೇಕು. ಒಂದು ಸಂಜೆ ಹಳೆಯ ಗುರುಗಳಾದ ರಾಸ್ ಅವರು ಬಂದು ಇವರ ಪೇಚಾಟ ನೋಡಿದರು. ಪುಸ್ತಕ ಇರುವುದು ಬಳಸುವುದಕ್ಕಾಗಿ, ಇದೇ ನಿನ್ನ ಮೊದಲ ನಿಯಮ ಅಲ್ಲವೇ ಎಂಬ ಅರ್ಥದ ಮಾತು ಹೇಳಿ ನಡೆದುಬಿಟ್ಟರು. ಅಷ್ಟು ಸಾಕಾಯಿತು, ಉಳಿದವು ತಾವಾಗಿ ಬಂದವು. ಯಾವ ಓದುಗನೂ ತನಗೆ ಬೇಕಾದ ಪುಸ್ತಕವಿಲ್ಲದೆ ಹೋಗಬಾರದು, ಅವನು ಕೂಲಿಯವನಿರಲಿ, ಪಂಡಿತನಿರಲಿ, ಐದು ವರ್ಷದ ಕೂಸಿರಲಿ. ಹಾಗೆಯೇ ಯಾವ ಪುಸ್ತಕವೂ ಓದುಗನಿಲ್ಲದೆ ಕೊಳೆಯಬಾರದು. ಓದಲು ಬಂದವನ ಹೊತ್ತು ಹಾಳು ಮಾಡಬಾರದು. ಐದನೆಯದಾಗಿ, ಗ್ರಂಥಾಲಯ ಬೆಳೆಯುವ ಮಗುವಿದ್ದಂತೆ, ಇಂದಿನ ಅಂಗಿ ನಾಳೆಗೆ ಸಾಲದು. 1931ರಲ್ಲಿ ಇದು ಪುಸ್ತಕವಾಗಿ ಬಂತು. ಈಗ ಜಗತ್ತಿನ ಯಾವ ದೇಶದಲ್ಲಿ ಗ್ರಂಥಾಲಯ ಶಾಸ್ತ್ರ ಕಲಿಯಲು ಹೋದರೂ ಮೊದಲ ಪಾಠ ಇದೇ.

ಪುಸ್ತಕ ಬಳಕೆಗೆ ಎಂಬುದು ಹೇಳಲಿಕ್ಕೆ ಏನು ದೊಡ್ಡ ಮಾತು ಅನಿಸಬಹುದು. ನಮ್ಮ ಮನೆಗಳಲ್ಲೇ ನೋಡೋಣ. ವಚನಗಳ ತಾಡೋಲೆ ಕಟ್ಟುಗಳು ನಮ್ಮ ಭಾಗದ ಎಷ್ಟೋ ಮಠಗಳಲ್ಲಿ, ಮನೆಗಳಲ್ಲಿ ಅರಿವೆಯಲ್ಲಿ ಸುತ್ತಿಕೊಂಡು ಜಗುಲಿಯ ಮೇಲೆ ಕುಳಿತಿದ್ದವು. ಹಬ್ಬಕ್ಕೊಮ್ಮೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಕೈಮುಗಿಯುತ್ತಿದ್ದರು. ಬಿಚ್ಚಿ ಓದಿದವರು ವಿರಳ. ವಿಜಾಪುರದ ವಕೀಲರಾದ ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದ ಮೇಲೆಯೇ ಅವು ನಮ್ಮ ಬಾಯಿಗೆ ಬಂದವು. ಅದೇ ಹಳಕಟ್ಟಿಯವರು 1912ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರು ಎಂಬುದು ಸಹಕಾರಿಗಳಾದ ನಮಗೆ ನೆನಪಿರಲಿ. ಮದ್ರಾಸಿನ ಗಣಿತದ ಮಾಸ್ತರರೂ ವಿಜಾಪುರದ ವಕೀಲರೂ ಒಂದೇ ಕಾಲದಲ್ಲಿ ಒಂದೇ ಕೆಲಸ ಮಾಡುತ್ತಿದ್ದರು.

ನಮ್ಮ ಕೊಣ್ಣೂರಿನದೇ ಒಂದು ಮಾತು ಇಲ್ಲಿ ಸೇರಿಸಬೇಕು. ನಮ್ಮ ಪರಮೇಶ್ವರ ದೇವಸ್ಥಾನದ ಶಾಸನವನ್ನು ಕಾಣದವರಿಲ್ಲ, ಓದಿದವರು ಕಡಿಮೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಶಕ 782 ಅಂದರೆ ಕ್ರಿ.ಶ. 860ರಲ್ಲಿ, ಬಂಕೇಯ ಎಂಬ ಅಧಿಕಾರಿ ಇಲ್ಲಿ, ಅಂದಿನ ಕೊಳನೂರಿನಲ್ಲಿ, ಕಟ್ಟಿಸಿದ ಜಿನಾಲಯಕ್ಕೆ ಅರಸ ಕೊಟ್ಟ ದಾನದ ವಿವರ ಅದರಲ್ಲಿದೆ. ಸುಮಾರು ಮುನ್ನೂರು ವರ್ಷಗಳ ನಂತರ ಹಳೆಯ ತಾಮ್ರಪಟವನ್ನು ನೋಡಿ ಅದನ್ನು ಕಲ್ಲಿನ ಮೇಲೆ ಬರೆಯಿಸಿದರೆಂದು ಶಾಸನದಲ್ಲೇ ಹೇಳಿದೆ. ಅದಕ್ಕೇ ಆ ದಾನದ ಕಾಲದ ಬಗ್ಗೆ, ನಕಲಿನ ಬಗ್ಗೆ ಪಂಡಿತರಲ್ಲಿ ವಾದವೂ ಇದೆ. ಅದು ಹ್ಯಾಂಗರ ಇರಲಿ. ಒಬ್ಬರ ಪೆಟ್ಟಿಗೆಯೊಳಗಿದ್ದ ತಾಮ್ರದ ಹಾಳೆಯನ್ನು ಊರ ಮುಂದೆ, ಹಾದುಹೋಗುವವರೆಲ್ಲ ಕಾಣುವಂತೆ ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದರಲ್ಲ, ಅದರ ಬುದ್ಧಿ ದೊಡ್ಡದು. 2019ರಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಪೆಟ್ಟಿಗೆಯಲ್ಲಿಟ್ಟ ಕಾಗದಪತ್ರಗಳ ಗತಿ ಏನಾಯಿತೆಂದು ನೆರೆ ಕಂಡವರಿಗೆ ಹೇಳಬೇಕಾಗಿಲ್ಲ. ಲಕ್ಕುಂಡಿಗೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮುರಿದ ಮೂರ್ತಿಗಳನ್ನೂ ಜೋಪಾನವಾಗಿ ಇಟ್ಟದ್ದನ್ನು ನೋಡಿರಬಹುದು. ಅಜ್ಜನೂ ಮೊಮ್ಮಗನೂ ಒಂದೇ ಕಲ್ಲಿನ ಮುಂದೆ ನಿಂತು ಬೇರೆಬೇರೆ ಪ್ರಶ್ನೆ ಕೇಳುವ ಜಾಗ ಅದು.

ಮತ್ತೆ ರಂಗನಾಥನ್‌ರ ಕಡೆಗೆ ಬರೋಣ. ಪಟ್ಟಣದ ಗ್ರಂಥಾಲಯ ಸುಧಾರಿಸಿತು, ಹಳ್ಳಿಯವರ ಪಾಡೇನು? ಆಗ ಬರೋಡೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ಸಂಸ್ಥಾನದಲ್ಲಿ ಮಾತ್ರ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆಗಳು ಹೋಗುತ್ತಿದ್ದವು. ರಂಗನಾಥನ್ ಮುಂದಾಗಿ 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಸ್ಥಾಪಿಸಿದ್ದರು. ಅದರ ಪ್ರಚಾರದಿಂದ ಪ್ರೇರಣೆ ಪಡೆದ ಕನಕಸಭೈ ಪಿಳ್ಳೈ ಎಂಬ ಇಂಜಿನಿಯರರು ತಂಜಾವೂರು ಜಿಲ್ಲೆಯ ಮನ್ನಾರಗುಡಿಯಲ್ಲಿ ಒಂದು ವಿಶೇಷ ಚಕ್ಕಡಿ ಮಾಡಿಸಿದರು. ಎತ್ತಿನ ಚಕ್ಕಡಿಯ ಮೇಲೆ ಪೆಟ್ಟಿಗೆಯಂತೆ ಕಟ್ಟಿ, ಪಕ್ಕದ ಬಾಗಿಲು ತೆಗೆದರೆ ಪುಸ್ತಕದ ಕಪಾಟು ಕಾಣುವಂತೆ. 1931ರ ಅಕ್ಟೋಬರ್ ತಿಂಗಳಲ್ಲಿ ಅದು ಹೊರಟಿತು. ಒಂದೂರಿಗೆ ಹೋಗಿ ನಿಂತು, ಪುಸ್ತಕ ಕೊಟ್ಟು, ಮುಂದಿನ ಊರಿಗೆ ಸಾಗಿ, ಸರದಿ ಮುಗಿಸಿ ಮತ್ತೆ ಬಂದು ಹಳೆಯದು ಇಸಗೊಂಡು ಹೊಸದು ಕೊಡುವುದು. ಬಂಡಿ ಹತ್ತಿಬೀಜ ಒಯ್ಯಬಲ್ಲದು, ಜೋಳ ಒಯ್ಯಬಲ್ಲದು, ಪುಸ್ತಕ ಯಾಕೆ ಒಯ್ಯಬಾರದು? ನಮ್ಮ ದೇಶದಲ್ಲಿ ಸಂಚಾರಿ ಗ್ರಂಥಾಲಯದ ಮಾತು ಬಂದಾಗಲೆಲ್ಲ ಈ ಮನ್ನಾರಗುಡಿಯ ಚಕ್ಕಡಿಯನ್ನೇ ಮೊದಲು ನೆನೆಯುತ್ತಾರೆ.

ಓದು ಬಾರದವರ ವಿಚಾರ ಬಂದಾಗ ಎಲ್ಲರೂ ಕೈಚೆಲ್ಲುತ್ತಿದ್ದರು. ಅಕ್ಷರವಿಲ್ಲದವನಿಗೆ ಗ್ರಂಥಾಲಯ ಯಾತಕ್ಕೆ? ಮೊದಲು ಸಾಲಿ ತೆರೆಯಿರಿ, ಗ್ರಂಥಾಲಯ ಆಮೇಲೆ ನೋಡೋಣ ಎಂಬುದು ಸರ್ಕಾರದವರ ವಾದ. ರಂಗನಾಥನ್ ಇದನ್ನು ಒಪ್ಪಲಿಲ್ಲ. ಅಕ್ಷರ ಬಲ್ಲವನೊಬ್ಬ ಸಂಜೆ ಗ್ರಂಥಾಲಯದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಲಿ, ಉಳಿದವರು ಕೇಳಲಿ, ಕೇಳುತ್ತ ಕೇಳುತ್ತ ತಾನೂ ಓದಬೇಕೆಂಬ ಆಸೆ ಹುಟ್ಟಲಿ ಎಂದು ಅವರು ಬರೆದರು, ಭಾಷಣ ಮಾಡಿದರು. ಇನ್ನೊಂದು ಅಪಾಯವನ್ನೂ ಅವರು ಗುರುತಿಸಿದ್ದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಹುಡುಗ, ಅದರಲ್ಲೂ ಹುಡುಗಿ, ಹತ್ತು ವರ್ಷ ಒಂದು ಹಾಳೆ ಮುಟ್ಟದಿದ್ದರೆ ಕಲಿತ ಅಕ್ಷರವೂ ಮರೆತು ಹೋಗುತ್ತದೆ. ಸಾಲಿಗೆ ಹಾಕಿದ ಖರ್ಚು ಹೊಳೆಯಲ್ಲಿ ಹುಣಸೆ ತೊಳೆದಂತೆ. ಬಿತ್ತಿದ ಮೇಲೆ ನೀರು ಬಿಡದಿದ್ದರೆ ಬೀಜದ ರೊಕ್ಕವೂ ಹೋಯಿತು ಎಂಬುದು ಮಲಪ್ರಭೆಯ ಕಾಲುವೆಗಾಗಿ ಕಾದ ನರಗುಂದ ಸೀಮೆಯ ನಮಗೆ ಬೇರೆಯವರು ಹೇಳಬೇಕೇ? ನಮ್ಮ ಮನೆಗಳ ಎಷ್ಟೋ ತಾಯಂದಿರು ಸಣ್ಣವರಿದ್ದಾಗ ಸರಾಗ ಓದುತ್ತಿದ್ದವರು ಈಗ ಸಂಘದ ಪುಸ್ತಕಕ್ಕೆ ಸಹಿ ಮಾಡಲು ಹಿಂಜರಿಯುತ್ತಾರೆ.

ಇನ್ನು ಅವರ ಸಂಸಾರದ ಬಗ್ಗೆ ಎರಡು ಮಾತು. ಮೊದಲ ಹೆಂಡತಿ ರುಕ್ಮಿಣಿಯವರು 1928ರಲ್ಲಿ ಆಕಸ್ಮಿಕವಾಗಿ ತೀರಿಕೊಂಡರು. ಮುಂದಿನ ವರ್ಷ ಶಾರದಾ ಅವರ ಕೈಹಿಡಿದರು. ಮದುವೆಯ ದಿನವೂ ಶಾಸ್ತ್ರ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗಿ ಕೂತರೆಂದು ಅವರ ಶಿಷ್ಯರು ಹೇಳುತ್ತ ಬಂದಿದ್ದಾರೆ. ಇಪ್ಪತ್ತು ವರ್ಷ ಹೆಚ್ಚುಕಡಿಮೆ ರಜೆಯನ್ನೇ ತೆಗೆದುಕೊಳ್ಳದೆ, ದಿನಕ್ಕೆ ಹನ್ನೆರಡು ಹದಿಮೂರು ತಾಸು ದುಡಿದರು. ಹೊರಗಿನವರಿಗೆ ಇದು ಶೋಭೆಯ ಸಂಗತಿ, ಆದರೆ ಇಂಥವರ ಸಂಗಡ ಬಾಳುವೆ ಮಾಡುವುದು ಸುಲಭವಲ್ಲ. ಆ ತಾಯಿಯ ಸಹನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಂಗನಾಥನ್ ಅವರೇ ಅದನ್ನು ಮರೆಯಲಿಲ್ಲ. ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗ್ರಂಥಾಲಯ ಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಹೆಂಡತಿಯ ಹೆಸರಿಟ್ಟರು. ಆ ಕಾಲದ ಲಕ್ಷ ರೂಪಾಯಿ ಎಂದರೆ ಎಷ್ಟು ಎಂಬುದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಊಹಿಸಬಲ್ಲರು.

1945ರಲ್ಲಿ ಮದ್ರಾಸ್ ಬಿಟ್ಟರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ, ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದರು. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲಕಾಲ ಇದ್ದು ಬರೆದರು. 1957ರಲ್ಲಿ ಪದ್ಮಶ್ರೀ ಬಂತು.

ಇವೆಲ್ಲದರ ನಡುವೆ ಅವರು ಬಿಡದೆ ಹಿಡಿದ ಹಟ ಒಂದೇ: ಗ್ರಂಥಾಲಯಕ್ಕೆ ಕಾನೂನು ಬೇಕು. ದಾನಿಗಳ ಔದಾರ್ಯದ ಮೇಲೆ ನಿಂತ ವಾಚನಾಲಯ ದಾನಿ ಇರುವತನಕ ಮಾತ್ರ. ನಮ್ಮ ಊರುಗಳಲ್ಲಿ ಉತ್ಸಾಹದಿಂದ ಶುರುವಾಗಿ, ಎರಡು ವರ್ಷ ಪತ್ರಿಕೆ ತರಿಸಿ, ಆಮೇಲೆ ಕೀಲಿ ಬಿದ್ದ ತರುಣ ಸಂಘದ ವಾಚನಾಲಯಗಳು ಎಷ್ಟಿಲ್ಲ! ರಸ್ತೆಗೆ, ನೀರಿಗೆ, ದೀಪಕ್ಕೆ ಪಟ್ಟಿ ಕೊಡುವಂತೆ ಪುಸ್ತಕಕ್ಕೂ ಊರವರು ಸ್ವಲ್ಪ ಪಟ್ಟಿ ಕೊಡಬೇಕು, ಆ ದುಡ್ಡು ಬೇರೆ ಕೆಲಸಕ್ಕೆ ಹೋಗಬಾರದು, ಆಗ ಗ್ರಂಥಾಲಯ ಯಾರ ಧರ್ಮವೂ ಅಲ್ಲ, ಊರವರ ಹಕ್ಕು. 1930ರಲ್ಲಿ ಬನಾರಸಿನಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಇಂಥ ಕಾನೂನಿನ ಮಾದರಿ ಕರಡನ್ನು ಅವರು ಮುಂದಿಟ್ಟರು. ಮದ್ರಾಸ್ ಶಾಸನಸಭೆಯಲ್ಲಿ ಮಸೂದೆ ಬಂದು ಬಿದ್ದುಹೋಯಿತು. ಹದಿನೆಂಟು ವರ್ಷ ಕಾದರು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಇಂಥದು ಅದೇ ಮೊದಲು.

1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದಾಗ ಅವರಿಗೆ ಅರವತ್ತೈದು. ನೌಕರಿಯವರು ಆ ವಯಸ್ಸಿಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಇವರು 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಹುಟ್ಟುಹಾಕಿದರು. ಅದು ಈಗಲೂ ನಡೆದಿದೆ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಿತು. ಅದೇ ವರ್ಷ ನಮ್ಮ ರಾಜ್ಯದ ವಿಧಾನಮಂಡಲ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಪಾಸು ಮಾಡಿತು. ಅದರ ಕರಡಿನ ಹಿಂದಿನ ತಲೆ ರಂಗನಾಥನ್‌ರದು. 1966ರ ನವೆಂಬರ್ 1ರಿಂದ, ಅಂದರೆ ರಾಜ್ಯೋತ್ಸವದ ದಿನದಿಂದಲೇ, ಅದು ಜಾರಿಗೆ ಬಂತು. ಗ್ರಂಥಾಲಯಗಳಿಗೇ ಒಂದು ಸರ್ಕಾರಿ ಇಲಾಖೆ, ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಮತ್ತು ಬಹುಮುಖ್ಯವಾಗಿ ಗ್ರಂಥಾಲಯ ಕರ. ಮೊದಲಿಗೆ ಮನೆಪಟ್ಟಿಯ ರೂಪಾಯಿಗೆ 3 ಪೈಸೆ ಎಂದು ಇಟ್ಟರು.

ಸದಸ್ಯ ಬಾಂಧವರು ಒಂದು ಕೆಲಸ ಮಾಡಬೇಕು. ಮನೆಗೆ ಹೋಗಿ ಗ್ರಾಮ ಪಂಚಾಯಿತಿಗೆ ಮನೆಪಟ್ಟಿ ತುಂಬಿದ ಪಾವತಿಯನ್ನು ತೆಗೆದು ನೋಡಬೇಕು. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಇವುಗಳ ಸಾಲಿನಲ್ಲಿ ಗ್ರಂಥಾಲಯ ಕರ ಎಂದು ಒಂದು ಕಲಮು ಇದೆ. ಈಗ ಅದು ನೂರಕ್ಕೆ 6 ರೂಪಾಯಿ. ಸಾವಿರ ರೂಪಾಯಿ ಮನೆಪಟ್ಟಿ ಇದ್ದವರು 60 ರೂಪಾಯಿಯನ್ನು ಪುಸ್ತಕಕ್ಕೆಂದೇ ಕೊಟ್ಟಿದ್ದಾರೆ. ಓದಿದರೂ ಕೊಟ್ಟಿದ್ದಾರೆ, ಓದದಿದ್ದರೂ ಕೊಟ್ಟಿದ್ದಾರೆ. ಸಂಘದಲ್ಲಿ ಶೇರಿನ ಹಣ ತುಂಬಿದವರು ಡಿವಿಡೆಂಡ್ ಎಷ್ಟು ಬಂತೆಂದು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ, ಕೇಳಲೂಬೇಕು. ಈ 60 ರೂಪಾಯಿಯ ಡಿವಿಡೆಂಡ್ ಪಂಚಾಯಿತಿಯ ವಾಚನಾಲಯದ ಕಪಾಟಿನಲ್ಲಿದೆ, ಅದನ್ನು ಕೇಳಿದವರ ಹೆಸರು ನಾವು ಕೇಳಿಲ್ಲ.

ಕರ್ನಾಟಕದ ಐದೂವರೆ ಸಾವಿರಕ್ಕೂ ಮೇಲ್ಪಟ್ಟ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಕರೋನಾ ಬಂದು ಸಾಲಿಗಳು ಮುಚ್ಚಿದ್ದ 2020ರಲ್ಲಿ, ನವೆಂಬರ್ 14ರ ಮಕ್ಕಳ ದಿನದಂದು, ಓದುವ ಬೆಳಕು ಎಂಬ ಕಾರ್ಯಕ್ರಮ ಹಾಕಿಕೊಂಡು 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವ ತರುಣರು ಈಗ ಅಲ್ಲಿ ಬರುತ್ತಾರೆ, ಬೆಳಿಗ್ಗೆ ಪೇಪರು ಓದುವ ಹಿರಿಯರು ಬರುತ್ತಾರೆ. ಕಡಿಮೆ ಕಾಣುವವರು ನಡುವಯಸ್ಸಿನ ಒಕ್ಕಲಿಗರು ಮತ್ತು ಮನೆಯ ಹೆಣ್ಣುಮಕ್ಕಳು. ರಂಗನಾಥನ್ ಇದ್ದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಅವರಿಗೆ ಪುರಸೊತ್ತು ಸಿಗುವ ಹೊತ್ತಿನಲ್ಲಿ ಬಾಗಿಲು ತೆರೆದಿದೆಯೇ ಎಂಬುದೇ. ಹೊಲದಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ, ಅಡುಗೆ ಕೆಲಸ ಮುಗಿಯುವುದು ಮಧ್ಯಾಹ್ನ ಎರಡರ ಮೇಲೆ. ಈ ಎರಡು ಹೊತ್ತನ್ನು ಪಂಚಾಯಿತಿಯ ಸಭೆಯಲ್ಲಿ ಒಮ್ಮೆ ಚರ್ಚೆಗೆ ಇಡಬಹುದು.

ಬೆಂಗಳೂರಿನ ದಿನಗಳಲ್ಲಿ ಅವರ ಮನೆಯೇ ಪಾಠಶಾಲೆಯಾಗಿತ್ತು. ದೇಶವಿದೇಶದ ವಿದ್ವಾಂಸರು ಹುಡುಕಿಕೊಂಡು ಬರುತ್ತಿದ್ದರು. ಉಡುಗೆ ಸಾದಾ ಖಾದಿ, ಊಟ ಅತಿ ಮಿತ. ಹೊತ್ತಿನ ಬಗ್ಗೆ ಅಗದಿ ಕಟ್ಟುನಿಟ್ಟು, ಕೆಲಸದಲ್ಲಿ ಹುಸಿ ನಡೆಯದು. ಶಿಷ್ಯರಿಗೆ ಅವರೆಂದರೆ ಭಕ್ತಿಯೂ ಇತ್ತು, ಅಂಜಿಕೆಯೂ ಇತ್ತು. ಪುಸ್ತಕಗಳಿಂದ ಬರುವ ಗೌರವಧನವನ್ನು ಶಾರದಾ ರಂಗನಾಥನ್ ದತ್ತಿಗೆ ಬರೆದುಕೊಟ್ಟಿದ್ದರು. ಎಂಬತ್ತು ತುಂಬಿದ ಮೇಲೆಯೂ ಬರವಣಿಗೆ ನಿಲ್ಲಿಸಿರಲಿಲ್ಲ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರ ಹುಟ್ಟಿದ ದಿನದ ಬಗ್ಗೆ ಆಗಸ್ಟ್ 9 ಎಂದೂ 12 ಎಂದೂ ಎರಡು ಲೆಕ್ಕಗಳಿವೆ. ದೇಶದ ಗ್ರಂಥಪಾಲಕರು 12ನ್ನು ಹಿಡಿದು, ಪ್ರತಿವರ್ಷ ಅಂದು ಗ್ರಂಥಪಾಲಕರ ದಿನ ಆಚರಿಸುತ್ತಾರೆ.